ಗಂಟಿನ ಗುರುತು

ನಮ್ಮ ಮನೆಯ ಅಟ್ಟದ ಮೇಲೆ ಹಲಸಿನ ಮರದ ಒಂದು ಪೆಟ್ಟಿಗೆ ನಾನು ಕಂಡಂದಿನಿಂದಲೂ ಇದೆ. ಅಜ್ಜನವರು ಅಡಕೆಯ ಲೆಕ್ಕ ಬರೆದ ಎರಡು ಕಡತಗಳೂ, ಕೆಂಪು ವಸ್ತ್ರದಲ್ಲಿ ಸುತ್ತಿದ ತಾಳೆಯೋಲೆಯ ಒಂದು ಕಟ್ಟೂ ಅದರಲ್ಲಿವೆ. ಓಲೆಯ ಕಟ್ಟಿನ ದಾರಕ್ಕೆ ಒಂದು ಚೀಟಿ ಸಿಕ್ಕಿಸಿದೆ. ಅದರ ಮೇಲೆ ತಂದೆಯವರ ದುಂಡಕ್ಷರದಲ್ಲಿ, "ತಿಗಳಾರಿ. ನನಗೆ ಓದಲು ಬಾರದು" ಎಂದು ಬರೆದಿದೆ. ಚಿಕ್ಕಂದಿನಲ್ಲಿ ಆ ಚೀಟಿಯನ್ನು ಕಂಡು ನಾನೂ ನನ್ನ ತಮ್ಮನೂ ಹೊಟ್ಟೆ ಹಿಡಿದುಕೊಂಡು ನಕ್ಕದ್ದುಂಟು. ಓದಲು ಬಾರದವರಿಗೆ ಅದು ತಿಗಳಾರಿಯೆಂದು ತಿಳಿದುದು ಹೇಗೆ? ತಿಳಿದ ಮೇಲೆ ಓದಲು ಬಾರದುದೇಕೆ? ಇದು ನಮ್ಮ ತರ್ಕ. ಆ ಚೀಟಿಯ ಬೆಲೆ ನನಗೆ ಗೊತ್ತಾದುದು ಅರುವತ್ತು ವರ್ಷಗಳ ಮೇಲೆ, ತಮ್ಮನು ಬಿಟ್ಟುಹೋದ ಬೇರೊಂದು ಗಂಟಿನ ಮುಂದೆ ಏನೂ ತೋರದೆ ಕುಳಿತಾಗ.

ತಮ್ಮನು ಗಣಕಯಂತ್ರಗಳ ಇಂಜಿನಿಯರನಾಗಿದ್ದನು. ೨೦೧೯ನೆಯ ಇಸವಿಯ ದೀಪಾವಳಿಗೆ ಊರಿಗೆ ಬಂದವನು, ಹಬ್ಬ ಕಳೆದ ಮೇಲೆ ಐದು ಸಂಜೆ ತಾಯಿಯವರನ್ನು ಜಗಲಿಯಲ್ಲಿ ಕೂರಿಸಿಕೊಂಡು, ಅವರು ಬಲ್ಲ ಸೋಬಾನೆ, ಆರತಿಯ ಹಾಡು, ಬೀಸುವ ಪದ ಎಲ್ಲವನ್ನೂ ಹಾಡಿಸಿ ಧ್ವನಿಮುದ್ರಣ ಮಾಡಿದನು. ಮಾತುಗಳು ತಿಳಿಯದ ಕಡೆ ಕೇಳಿ ಕೇಳಿ ಬೆರಳಚ್ಚು ಮಾಡಿಕೊಂಡನು. ಹೊರಡುವ ದಿನ ಬೆಳಿಗ್ಗೆ ಒಂದು ಪೆನ್ ಡ್ರೈವನ್ನು ನನ್ನ ಕೈಗಿತ್ತು, "ಅಣ್ಣಾ, ಅಮ್ಮನ ಹಾಡುಗಳೆಲ್ಲ ಇದರಲ್ಲಿ ಗಂಟು ಕಟ್ಟಿ ಇಟ್ಟಿದ್ದೇನೆ, ಜೋಪಾನ" ಎಂದನು. ನಾನು ಅದನ್ನು ಆ ಹಲಸಿನ ಪೆಟ್ಟಿಗೆಯಲ್ಲಿಯೇ ಇಟ್ಟೆನು. ಜೋಪಾನವೆಂದರೆ ಮುಟ್ಟದೆ ಇಡುವುದು ಎಂಬುದೇ ನನ್ನ ತಿಳಿವಳಿಕೆ. ೨೦೨೧ರಲ್ಲಿ ತಾಯಿಯವರು ತೀರಿಕೊಂಡರು. ೨೦೨೩ರಲ್ಲಿ, ಯಾರೂ ಎಣಿಸದೆ ಇದ್ದಾಗ, ತಮ್ಮನೂ ಹೋದನು. ಅವನ ಬಳಿ ಆ ಹಾಡುಗಳ ಬೇರೆ ಪ್ರತಿಯಿದ್ದೀತೆಂದು ಅವನ ಮನೆಯವರು ಹುಡುಕಿದರು; ಸಿಕ್ಕಲಿಲ್ಲ.

ಮರುವರ್ಷ ನಮ್ಮ ಸಂಘದವರು ಹೆಂಗಸರ ಹಾಡುಗಳ ಒಂದು ಸಂಗ್ರಹವನ್ನು ತರಬೇಕೆಂದು ಯೋಚಿಸಿ ನನ್ನನ್ನು ಕೇಳಿದಾಗ, ಧೈರ್ಯದಿಂದ ಒಪ್ಪಿಕೊಂಡೆನು. ಪೆನ್ ಡ್ರೈವನ್ನು ತೆಗೆದುಕೊಂಡು ಪೇಟೆಯ ಒಂದು ಅಂಗಡಿಗೆ ಹೋದೆನು. ಅಲ್ಲಿಯ ಹುಡುಗನು ಅದನ್ನು ತನ್ನ ಯಂತ್ರಕ್ಕೆ ಸೇರಿಸಿದೊಡನೆ, ಇದನ್ನು ಬಳಸಬೇಕಾದರೆ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲೇ ಎಂದು ಯಂತ್ರ ಕೇಳಿತು. ಹುಡುಗನು, "ಇದು ಕೆಟ್ಟಿದೆ ಸಾರ್, ಒಳಗೆ ಏನೂ ಇಲ್ಲ; ಫಾರ್ಮ್ಯಾಟ್ ಮಾಡಿಕೊಡುತ್ತೇನೆ, ಹೊಸದರಂತಾಗುತ್ತದೆ" ಎಂದು ಬೆರಳನ್ನು ಗುಂಡಿಯ ಮೇಲಿಟ್ಟನು. ಫಾರ್ಮ್ಯಾಟ್ ಎಂದರೆ ಒಳಗಿನದನ್ನು ಒರೆಸಿ ಹಸನು ಮಾಡುವುದೆಂದು ನಾನು ಹೇಗೋ ಅರಿತಿದ್ದೆನು. ಬೇಡವೆಂದು ಕಿತ್ತುಕೊಂಡು ಬಂದೆನು. ಅವನನ್ನು ದೂರಲಾರೆ. ಯಂತ್ರ ತಾನು ಅರಿಯದುದನ್ನು ಇಲ್ಲವೆಂದು ಹೇಳಿತು; ಅವನು ಯಂತ್ರವನ್ನು ನಂಬಿದನು.

ಮನೆಯಲ್ಲಿ, ತಮ್ಮನೇ ೨೦೧೩ರಲ್ಲಿ ಲಿನಕ್ಸ್ ಹಾಕಿ ಅಣಿಮಾಡಿಕೊಟ್ಟ ನನ್ನ ಹಳೆಯ ಕಂಪ್ಯೂಟರಿನಲ್ಲಿ ಪ್ರಯತ್ನಿಸಿದೆನು. ಅದು ಒರೆಸಲೇ ಎಂದು ಕೇಳಲಿಲ್ಲ; ಆದರೆ ಕಡತವ್ಯವಸ್ಥೆಯ ಬಗೆ ತಪ್ಪು, ಇಲ್ಲವೆ ಕೊಟ್ಟ ಆಯ್ಕೆ ತಪ್ಪು, ಇಲ್ಲವೆ ಸೂಪರ್‌ಬ್ಲಾಕ್ ಕೆಟ್ಟಿದೆ ಎಂದು ಮೂರು ಅಪಶಕುನಗಳನ್ನು ಒಂದೇ ಉಸಿರಿನಲ್ಲಿ ನುಡಿಯಿತು. ರೋಗವೇನೆಂದು ಕೇಳಿದರೆ ಇರಬಹುದಾದ ರೋಗಗಳನ್ನೆಲ್ಲ ಹೇಳುವ ವೈದ್ಯನ ಹಾಗೆ. ಅಂದು ರಾತ್ರಿ ನನಗೆ ಊಟ ಸೇರಲಿಲ್ಲ.

೨೦೨೫ರ ಸಂಕ್ರಾಂತಿಗೆ ತಮ್ಮನ ಮಗನು ಊರಿಗೆ ಬಂದನು. ಅವನದೂ ತಂದೆಯ ವಿದ್ಯೆಯೇ. ನಾನು ಸಂಕೋಚದಿಂದಲೇ ವಿಷಯವನ್ನು ಎತ್ತಿದೆನು. ತಂದೆಯ ವಸ್ತುವೊಂದನ್ನು ದೊಡ್ಡಪ್ಪ ಹಾಳುಮಾಡಿದನೆಂದು ಅವನು ತಿಳಿದಾನೆಂಬ ಅಳುಕು ನನಗಿತ್ತು. ಅವನು ನನ್ನ ಕಂಪ್ಯೂಟರಿನ ಮುಂದೆ ಕುಳಿತು, ಯಂತ್ರ ತನ್ನೊಳಗೆ ತಾನೇ ಬರೆದುಕೊಳ್ಳುವ ದಿನಚರಿಯನ್ನು ತೆರೆದು ಒಂದು ಸಾಲನ್ನು ತೋರಿಸಿದನು. ಆ ಇಂಗ್ಲಿಷ್ ಸಾಲಿನ ತಾತ್ಪರ್ಯ ಇಷ್ಟು: ಈ ಕಡತವ್ಯವಸ್ಥೆ "ಅಜ್ಞಾತ" ಸಂಕೋಚನವನ್ನು ಬಳಸುತ್ತಿದೆ; ಇದಕ್ಕೆ ನನ್ನಲ್ಲಿ ಆಸರೆಯಿಲ್ಲ.

"ದೊಡ್ಡಪ್ಪ, ಇದು ಕೆಟ್ಟಿಲ್ಲ. ಗಂಟು ಸರಿಯಾಗಿಯೇ ಇದೆ. ನಿಮ್ಮ ಯಂತ್ರಕ್ಕೆ ಬಿಚ್ಚುವ ಬಗೆ ತಿಳಿಯದು, ಅಷ್ಟೇ" ಎಂದನು. ಕೇಳಿ ನಾನು ಕುರ್ಚಿಯ ಮೇಲೆ ಕುಳಿತುಬಿಟ್ಟೆನು.

ಆ ಮೂರು ದಿನ ಅವನಿಂದ ನಾನು ಕಲಿತುದನ್ನು ವಾಚಕರ ಮುಂದಿಡುತ್ತೇನೆ. ಈ ಶಾಸ್ತ್ರದಲ್ಲಿ ನಾನು ಹೊರಗಿನವನು. ಆದರೆ ಹುಡುಗನು ಹೇಳಿದುದು ನಾನು ಬಾಳೆಲ್ಲ ಕನ್ನಡ ಮೇಷ್ಟರಾಗಿ ಕಂಡುದಕ್ಕೆ ಬಹಳ ದೂರವಾಗಿರಲಿಲ್ಲ.

ಸಂಕೋಚನವೆಂದರೆ ಕಡಮೆ ಜಾಗದಲ್ಲಿ ಬರೆಯುವುದು. ಹಾಡಿನ ಪುಸ್ತಕಗಳಲ್ಲಿ ಪಲ್ಲವಿಯನ್ನು ಒಮ್ಮೆ ಪೂರ್ತಿಯಾಗಿ ಬರೆದು, ಮುಂದೆ ಪ್ರತಿಯೊಂದು ಚರಣದ ಕೊನೆಗೂ "ಪ" ಎಂದಷ್ಟೇ ಹಾಕುವುದಿಲ್ಲವೆ? ಲೆಂಪೆಲ್ ಮತ್ತು ಝಿವ್ ಎಂಬ ಇಬ್ಬರು ವಿದ್ವಾಂಸರು ೧೯೭೭ರಲ್ಲಿ ಪ್ರಕಟಿಸಿದ ಕ್ರಮದ ತಿರುಳು ಅದೇ: ಹಿಂದೆ ಬಂದುದು ಮತ್ತೆ ಬಂದರೆ ಮತ್ತೆ ಬರೆಯಬೇಡ, ಇಷ್ಟು ಹಿಂದೆ ಹೋಗಿ ಇಷ್ಟುದ್ದ ಓದಿಕೋ ಎಂದು ಬರೆ. ಇನ್ನೊಂದು ಉಪಾಯ, ಹೆಚ್ಚಾಗಿ ಬರುವುದಕ್ಕೆ ಚಿಕ್ಕ ಗುರುತನ್ನೂ ಅಪರೂಪವಾಗಿ ಬರುವುದಕ್ಕೆ ಉದ್ದನೆಯದನ್ನೂ ಇಡುವುದು. ನಮ್ಮ ಹಿರಿಯರು ಕಾಗದದ ತಲೆಯಲ್ಲಿ "ಮ||ರಾ||ರಾ||" ಎಂದು ಬರೆಯುತ್ತಿದ್ದುದು ಇದಲ್ಲದೆ ಮತ್ತೇನು? ಮಹಾರಾಜ ರಾಜಶ್ರೀ ಎಂದು ದಿನವೂ ಹತ್ತು ಸಲ ಬರೆಯುವ ಕೈಗೆ ಮೂರು ಅಕ್ಷರ ಸಾಕಾಯಿತು. ಆದರೆ ಇಂದಿನ ಹುಡುಗರ ಮುಂದೆ ಆ ಮೂರು ಅಕ್ಷರಗಳನ್ನಿಟ್ಟು ನೋಡಿ. ಮರಾಠಿಯೋ ಮಂತ್ರವೋ ಎಂದು ಕೇಳುತ್ತಾರೆ.

ಈ ಒಂದು ಮೂಲದಿಂದ ಹಲವು ಕ್ರಮಗಳು ಕವಲೊಡೆದಿವೆ. ಕೆಲವು ಬಹಳ ಬಿಗಿಯಾಗಿ ಕಟ್ಟುತ್ತವೆ, ಆದರೆ ನಿಧಾನ, ಎಕ್ಸ್‌ಝಡ್ ಅಂಥದು. ಕೆಲವು ಸಡಿಲವಾಗಿ ಕಟ್ಟಿದರೂ ಚಿಟಿಕೆ ಹೊಡೆಯುವಷ್ಟರಲ್ಲಿ ಬಿಚ್ಚಿಕೊಳ್ಳುತ್ತವೆ, ಎಲ್‌ಝಡ್೪ ಅಂಥದು. ಎಲ್‌ಝಡ್೪ನ್ನು ಮಾಡಿದ ಯಾನ್ ಕೊಲೆ ಎಂಬಾತನೇ ಮುಂದೆ ಝಡ್‌ಸ್ಟ್ಯಾಂಡರ್ಡ್ ಎಂಬುದನ್ನೂ ಮಾಡಿದನು. ೨೦೧೬ರಲ್ಲಿ ಅದರ ಮೊದಲನೆಯ ಸ್ಥಿರವಾದ ಆವೃತ್ತಿ ಹೊರಬಂದಿತು. ಅದು ಬಿಗಿಯಾಗಿಯೂ ಕಟ್ಟುತ್ತದೆ, ಬೇಗನೆ ಬಿಚ್ಚಿಕೊಳ್ಳಲೂಬಲ್ಲುದು. ಎಲ್ಲ ಕಾಲಕ್ಕೂ ಇದೇ ಒಳ್ಳೆಯದೆಂದು ಯಾವುದನ್ನೂ ಹೇಳುವಂತಿಲ್ಲವಾದುದರಿಂದ, ಕಡತವ್ಯವಸ್ಥೆಯನ್ನು ಕಟ್ಟುವವರು ಯಾವ ಕ್ರಮಕ್ಕೂ ತಮ್ಮನ್ನು ಗಂಟು ಹಾಕಿಕೊಳ್ಳದೆ, ಬೇಕಾದುದನ್ನು ಸಿಕ್ಕಿಸಿ ಬೇಡವಾದುದನ್ನು ತೆಗೆಯುವ ಏರ್ಪಾಡನ್ನು ಮಾಡಿಕೊಂಡರು. ಹುಡುಗನು ಇದನ್ನು ವಿವರಿಸಲು ತಡವರಿಸುತ್ತಿದ್ದಾಗ ನನ್ನ ಹೆಂಡತಿ ಅಡಿಗೆಯ ಮನೆಯಿಂದಲೇ, "ಚಕ್ಕುಲಿ ಒರಳಿನ ಹಾಗೆ ಅನ್ನು" ಎಂದಳು. ನಿಜ. ಒರಳು ಒಂದೇ; ತಳದಲ್ಲಿಡುವ ತೂತಿನ ಬಿಲ್ಲೆ ಬದಲಾದರೆ ಚಕ್ಕುಲಿ ಹೋಗಿ ಶ್ಯಾವಿಗೆಯಾಗುತ್ತದೆ. ಬಿಲ್ಲೆಗಳ ಅಂಚು ಮಾತ್ರ ಒಂದೇ ಅಳತೆಯದಾಗಿರಬೇಕು.

ಇಲ್ಲಿಯೇ ತೊಡಕು. ಬಿಲ್ಲೆಯನ್ನು ಬದಲಾಯಿಸಬಹುದೆಂದ ಮೇಲೆ, ಇದನ್ನು ಯಾವ ಬಿಲ್ಲೆಯಿಂದ ಒತ್ತಿದರೆಂಬುದನ್ನು ಎಲ್ಲಿಯಾದರೂ ಬರೆದಿಡಬೇಕು. ಆ ಬರೆಹವನ್ನೂ ಒತ್ತಿ ಗಂಟಿನೊಳಗೆ ಸೇರಿಸಿದರೆ ಕೆಟ್ಟಿತು. ಗಂಟಿನ ಹೊರಗೆ, ಯಾರು ಬೇಕಾದರೂ ಓದುವಂತೆ, ಸಾದಾ ಬರೆಹದಲ್ಲಿ ಇರಬೇಕು.

ತಮ್ಮನು ಬಳಸಿದ್ದ ಕಡತವ್ಯವಸ್ಥೆಯ ಹೆಸರು ಸ್ಕ್ವಾಷ್‌ಎಫ್‌ಎಸ್. ಫಿಲಿಪ್ ಲಾಫರ್ ಎಂಬಾತನು ೨೦೦೨ರಲ್ಲಿ ಮೊದಲು ಹೊರತಂದನು. ೨೦೦೯ರಲ್ಲಿ ಲಿನಕ್ಸಿನ ಮುಖ್ಯ ಗ್ರಂಥದೊಳಗೆ ಸೇರಿತು. ಅದರಲ್ಲಿ ಒಮ್ಮೆ ಕಟ್ಟಿದುದನ್ನು ಓದಬಹುದು, ತಿದ್ದುವಂತಿಲ್ಲ. ಜೋಪಾನಕ್ಕೆ ತಮ್ಮನು ಅದನ್ನು ಆರಿಸಿದುದು ಅದಕ್ಕಾಗಿಯೇ ಎಂದು ಕಾಣುತ್ತದೆ. ಅಣ್ಣನ ಕೈ ತಪ್ಪಿ ಅಮ್ಮನ ಹಾಡು ಅಳಿಸಿಹೋಗಬಾರದು. ಈ ವ್ಯವಸ್ಥೆಯ ಮೊದಲ ೯೬ ಬೈಟುಗಳನ್ನು ಸೂಪರ್‌ಬ್ಲಾಕ್ ಎನ್ನುತ್ತಾರೆ. ನಾನು ಅದನ್ನು ಮೇಲ್ಚೀಟಿಯೆಂದು ಕರೆಯುತ್ತೇನೆ. ಒಳಗಿನದೆಲ್ಲ ಸಂಕೋಚನಗೊಂಡಿದ್ದರೂ ಈ ಚೀಟಿ ಸಾದಾ ಬರೆಹದಲ್ಲಿಯೇ ಇರುತ್ತದೆ.

ಹುಡುಗನು ಆ ಬೈಟುಗಳನ್ನು ಒಂದೊಂದಾಗಿ ತೆರೆಯ ಮೇಲೆ ಸುರಿದನು. ಹದಿನಾರರ ಲೆಕ್ಕದ ಜೋಡಿ ಅಂಕಿಗಳು. ನನಗೆ ಪಂಚಾಂಗದ ಕೋಷ್ಟಕದಂತೆ ಕಂಡವು. ಮೊದಲ ನಾಲ್ಕು ಬೈಟುಗಳು ಇಂಗ್ಲಿಷಿನ ಎಚ್, ಎಸ್, ಕ್ಯೂ, ಎಸ್ ಎಂಬ ಅಕ್ಷರಗಳು. ಅವು ಮನೆತನದ ಹೆಸರು. ಅಂಗಡಿಯ ಯಂತ್ರಕ್ಕೆ ಈ ಮನೆತನವೇ ತಿಳಿಯದು. ಆದುದರಿಂದ ಏನೂ ಇಲ್ಲವೆಂದಿತು. ಅದರ ಮುಂದೆ ಒಳಗೆ ಎಷ್ಟು ಕಡತಗಳಿವೆ ಎಂಬ ಲೆಕ್ಕ. ಕೋಶಗಳೂ ಸೇರಿ ೧೩೭ ಎಂದು ಇದ್ದಿತು. ಇದಕ್ಕಿಂತ ಹೆಚ್ಚಿನ ಸಂತೋಷವನ್ನು ಅಂದು ಯಾವ ಅಂಕಿಯೂ ನನಗೆ ಕೊಡಲಾರದು. ಒಂದೂ ತೆರೆದಿರಲಿಲ್ಲ, ಆದರೆ ಬರಿದಲ್ಲವೆಂದು ತಿಳಿಯಿತು.

ಅದರ ಮುಂದೆ ಗಂಟು ಕಟ್ಟಿದ ಹೊತ್ತು. ೧೯೭೦ನೆಯ ಇಸವಿಯ ಮೊದಲ ಕ್ಷಣದಿಂದ ಎಷ್ಟು ಸೆಕೆಂಡು ಕಳೆದವೆಂಬ ಲೆಕ್ಕದಲ್ಲಿ ಅದನ್ನು ಬರೆಯುತ್ತಾರೆ. ಹುಡುಗನು ಲೆಕ್ಕ ಹಾಕಿ, ೨೦೧೯ನೆಯ ನವೆಂಬರ್ ೩, ರಾತ್ರಿ ಒಂದು ಗಂಟೆ ನಾಲ್ವತ್ತು ನಿಮಿಷ ಎಂದನು. ನನಗೆ ಒಡನೆಯೇ ನೆನಪಾಯಿತು. ಅಂದು ಅಟ್ಟದ ಕೋಣೆಯಲ್ಲಿ ದೀಪ ಉರಿಯುತ್ತಿದ್ದುದನ್ನು ಕಂಡು ನಾನು ಕೆಳಗಿನಿಂದಲೇ, "ಇನ್ನೂ ಮಲಗಲಿಲ್ಲವೇನೋ? ಬೆಳಿಗ್ಗೆ ಬಸ್ಸಿಗೆ ಏಳಬೇಡವೆ?" ಎಂದು ಗದರಿದ್ದೆನು. "ಆಯಿತು ಅಣ್ಣಾ, ಇನ್ನೇನು ಆಯಿತು" ಎಂದಿದ್ದನು. ಇದನ್ನು ಹುಡುಗನಿಗೆ ಹೇಳಿದೆನು. ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಆಮೇಲೆ, ಚೀಟಿಯ ಮೊದಲಿನಿಂದ ಇಪ್ಪತ್ತು ಬೈಟುಗಳನ್ನು ಬಿಟ್ಟು ಅದರ ಮುಂದಿನ ಎರಡು ಬೈಟುಗಳ ಮೇಲೆ ಬೆರಳಿಟ್ಟನು. ಅಲ್ಲಿ "೦೬ ೦೦" ಎಂದಿತ್ತು. ಕಿರಿಯ ಸ್ಥಾನದ ಅಂಕಿ ಮೊದಲು, ಹಿರಿಯದು ಆಮೇಲೆ. ನಮ್ಮ ಶಾಸನಗಳಲ್ಲಿ ಶಕವರ್ಷವನ್ನು ನೇತ್ರ, ವೇದ ಮೊದಲಾದ ಪದಗಳಿಂದ ಸೂಚಿಸುವಾಗ ಏಕಸ್ಥಾನದಿಂದ ಎಡಕ್ಕೆ ನಡೆಯುವ ಹಾಗೆ. ಆದುದರಿಂದ ಅಂಕಿ ಆರು. ಇದೇ ಬಿಲ್ಲೆಯ ಗುರುತು. ಸ್ಕ್ವಾಷ್‌ಎಫ್‌ಎಸ್ ಮನೆತನದ ಪಟ್ಟಿಯಲ್ಲಿ ಒಂದು ಎಂದರೆ ಜೀಜಿಪ್, ಎರಡು ಎಲ್‌ಝಡ್‌ಎಂಎ, ಮೂರು ಎಲ್‌ಝಡ್‌ಓ, ನಾಲ್ಕು ಎಕ್ಸ್‌ಝಡ್, ಐದು ಎಲ್‌ಝಡ್೪, ಆರು ಝಡ್‌ಸ್ಟ್ಯಾಂಡರ್ಡ್. ಆರನೆಯದು ಲಿನಕ್ಸಿಗೆ ಬಂದುದು ೨೦೧೭ರ ನವೆಂಬರಿನಲ್ಲಿ. ನನ್ನ ಕಂಪ್ಯೂಟರು ೨೦೧೩ರದು; ಅದರ ಪಟ್ಟಿ ನಾಲ್ಕಕ್ಕೇ ಮುಗಿದಿದ್ದಿತು.

ಆ ಪಟ್ಟಿಯ ರಚನೆ ನನಗೆ ಬಹಳ ಹಿಡಿಸಿತು. ಯಂತ್ರದ ಕರ್ನೆಲ್ ಎಂಬ ಒಳತಿರುಳಿನಲ್ಲಿ ಪ್ರತಿಯೊಂದು ಕ್ರಮಕ್ಕೂ ಒಂದು ಸಾಲಿದೆ: ಅದರ ಅಂಕಿ, ಅದರ ಹೆಸರು, ಬಿಚ್ಚುವ ವಿಧಿ ಇಲ್ಲಿದೆಯೋ ಇಲ್ಲವೋ ಎಂಬ ಸೂಚನೆ, ಇದ್ದರೆ ಆ ವಿಧಿ ಎಲ್ಲಿದೆ ಎಂಬ ವಿಳಾಸ. ವಿಧಿಯನ್ನು ಸೇರಿಸದೆ ಬಿಟ್ಟಾಗಲೂ ಸಾಲನ್ನು ಮಾತ್ರ ಅಳಿಸುವುದಿಲ್ಲ. ಎರಡನೆಯದಾದ ಎಲ್‌ಝಡ್‌ಎಂಎಯನ್ನು ಬಿಚ್ಚುವ ವಿಧಿ ಲಿನಕ್ಸಿನ ಮುಖ್ಯ ಗ್ರಂಥದ ಸ್ಕ್ವಾಷ್‌ಎಫ್‌ಎಸ್‌ನಲ್ಲಿ ಎಂದೂ ಸೇರಲಿಲ್ಲ. ಆದರೂ ಅದರ ಹೆಸರು ಪಟ್ಟಿಯಲ್ಲಿದೆ, ಅದರ ಅಂಕಿಯನ್ನು ಇನ್ನೊಬ್ಬರಿಗೆ ಕೊಟ್ಟಿಲ್ಲ. ಏಕೆಂದರೆ ಅಂಥ ಗಂಟು ಎದುರಿಗೆ ಬಂದಾಗ ಹೆಸರು ಹಿಡಿದು, ಇದು ಇಂಥದು, ನನ್ನಿಂದಾಗದು ಎಂದು ಹೇಳಲು ಬರಬೇಕು. ಎಲ್ಲಕ್ಕೂ ಕೊನೆಯಲ್ಲಿ "ಅಜ್ಞಾತ" ಎಂಬ ಹೆಸರಿನದೇ ಒಂದು ಸಾಲಿದೆ. ಯಾವ ಸಾಲಿಗೂ ಹೊಂದದ ಅಂಕಿ ಅಲ್ಲಿಗೆ ಬಂದು ನಿಲ್ಲುತ್ತದೆ. ನನ್ನ ಯಂತ್ರದಲ್ಲಿ ಆರು ಎಂಬುದು ಹಾಗೆ ನಡೆದು ಬಂದು ಆ ಕೊನೆಯ ಸಾಲಿನಲ್ಲಿ ನಿಂತಿದ್ದಿತು.

ನಾನು ಎದ್ದುಹೋಗಿ ಪೆಟ್ಟಿಗೆಯಿಂದ ತಂದೆಯವರ ಚೀಟಿಯನ್ನು ತಂದು ಅವನಿಗೆ ತೋರಿಸಿದೆನು. ಅವನು ಓದಿ, "ಅಜ್ಜ ನಿಮ್ಮ ಯಂತ್ರಕ್ಕಿಂತ ಒಂದು ಮೆಟ್ಟಲು ಮೇಲೆ ದೊಡ್ಡಪ್ಪ, ಹೆಸರನ್ನಾದರೂ ಹೇಳಿದ್ದಾರೆ" ಎಂದನು.

ಅಂಕಿಯನ್ನು ನೋಡಿದ ಮಾತ್ರಕ್ಕೆ ಅವನು ನಂಬಲಿಲ್ಲವೆಂಬುದನ್ನು ಇಲ್ಲಿ ಹೇಳಬೇಕು. ಮೇಲ್ಚೀಟಿ ಸುಳ್ಳಾಡುವುದೂ ಉಂಟಂತೆ. ಮನೆಮನೆಗೆ ಇಂಟರ್ನೆಟ್ಟನ್ನು ಹಂಚುವ ಪುಟ್ಟ ಪೆಟ್ಟಿಗೆಗಳಿವೆಯಷ್ಟೆ. ಅವುಗಳ ಒಳಗಿನ ತಂತ್ರಾಂಶವೂ ಬಹುಮಟ್ಟಿಗೆ ಸ್ಕ್ವಾಷ್‌ಎಫ್‌ಎಸ್‌ನಲ್ಲಿಯೇ ಇರುವುದು. ಹಿಂದೆ, ಮೂರನೆಯ ಆವೃತ್ತಿಯ ಕಾಲದಲ್ಲಿ, ಮೇಲ್ಚೀಟಿಯಲ್ಲಿ ಸಂಕೋಚನದ ಅಂಕಿಗೆ ಜಾಗವೇ ಇರಲಿಲ್ಲ. ಇದ್ದುದು ಒಂದೇ ಕ್ರಮವಾದುದರಿಂದ ಕೇಳುವ ಪ್ರಶ್ನೆಯೂ ಇರಲಿಲ್ಲ. ಪೆಟ್ಟಿಗೆಯನ್ನು ತಯಾರಿಸುವ ಕೆಲವರು ಜಾಗ ಉಳಿಸಲೆಂದು ತಾವೇ ಎಲ್‌ಝಡ್‌ಎಂಎಯನ್ನು ಒಳಗೆ ತುರುಕಿದರು. ಕೆಲವರು ಮೊದಲ ನಾಲ್ಕು ಅಕ್ಷರಗಳನ್ನು ತಿರುವುಮುರುವು ಮಾಡಿ ಸೂಚನೆಯನ್ನಾದರೂ ಕೊಟ್ಟರು. ಕೆಲವರು ಅದನ್ನೂ ಮಾಡಲಿಲ್ಲ. ಅಂಥ ಗಂಟುಗಳನ್ನು ಬಿಚ್ಚಬೇಕಾದವರು ಇಂದಿಗೂ ಒಂದೊಂದು ಕ್ರಮವನ್ನೂ ಹಚ್ಚಿ ನೋಡುತ್ತ ಕುಳಿತುಕೊಳ್ಳಬೇಕು. ತಮಗೆ ಮಾತ್ರ ತಿಳಿದರೆ ಸಾಕೆಂದು ಬರೆದವರ ಕೆಲಸ. ಲೆಕ್ಕದ ಪುಸ್ತಕಗಳಲ್ಲಿ ನಾನು ಇಂಥದನ್ನು ಬಹಳ ಕಂಡಿದ್ದೇನೆ.

ಆದುದರಿಂದ ಅವನು ಎರಡನೆಯ ಸಾಕ್ಷಿಯನ್ನು ಹುಡುಕಿದನು. ಝಡ್‌ಸ್ಟ್ಯಾಂಡರ್ಡ್ ತಾನು ಕಟ್ಟಿದ ಪ್ರತಿಯೊಂದು ತುಣುಕಿನ ತಲೆಯಲ್ಲಿಯೂ ತನ್ನದೇ ಮುದ್ರೆಯನ್ನು ಒತ್ತುತ್ತದೆ: ೨೮, ಬಿ೫, ೨ಎಫ್, ಎಫ್‌ಡಿ ಎಂಬ ನಾಲ್ಕು ಬೈಟುಗಳು. ಮೇಲ್ಚೀಟಿಯ ೯೬ ಬೈಟುಗಳು ಮುಗಿದ ಮೇಲೆ ಬೇರೆ ಆರು ಬೈಟುಗಳಿದ್ದವು. ಅವುಗಳ ಬೆನ್ನಿಗೇ ಆ ಮುದ್ರೆ ಇದ್ದಿತು. ಚೀಟಿಯ ಮಾತೂ ಗಂಟಿನ ಮುದ್ರೆಯೂ ಒಂದಾದವು.

ನಡುವಿನ ಆ ಆರು ಬೈಟುಗಳು ಏನೆಂದು ಕೇಳಿದೆನು. ಕಟ್ಟುವಾಗ ವಾಡಿಕೆಯ ಬಿಗಿಯನ್ನು ಬಿಟ್ಟು ಬೇರೆ ಬಿಗಿಯನ್ನು ಆರಿಸಿದ್ದರೆ ಮಾತ್ರ ಅಲ್ಲಿ ಟಿಪ್ಪಣಿಯಿರುತ್ತದೆಯಂತೆ. ವಾಡಿಕೆಯದು ೧೫. ಇಲ್ಲಿ ಹದಿನಾರರ ಲೆಕ್ಕದಲ್ಲಿ ೧೬ ಎಂದು, ಎಂದರೆ ನಮ್ಮ ಲೆಕ್ಕಕ್ಕೆ ೨೨ ಎಂದು ಇದ್ದಿತು. ಅದಕ್ಕಿಂತ ಬಿಗಿಯಿಲ್ಲ. ಆ ಮಟ್ಟದಲ್ಲಿ ಕಟ್ಟಲು ಬಹಳ ಹೊತ್ತು ಹಿಡಿಯುತ್ತದೆ. "ಅದಕ್ಕೇ ಅಪ್ಪ ರಾತ್ರಿ ಒಂದೂಮುಕ್ಕಾಲರವರೆಗೆ ಎದ್ದಿದ್ದರೋ ಏನೋ" ಎಂದನು ಹುಡುಗ. ಧ್ವನಿಯಂಥದಕ್ಕೆ ಇಷ್ಟು ಬಿಗಿಯಿಂದ ಹೆಚ್ಚಿನ ಲಾಭವಿಲ್ಲವೆಂದೂ, ತಂದೆಗೆ ಅದು ಗೊತ್ತಿಲ್ಲದೆ ಇರಲಾರದೆಂದೂ ಅವನೇ ಹೇಳಿದನು. ನಾನು ಅದಕ್ಕೆ ಉತ್ತರ ಹೇಳಲಿಲ್ಲ. ಹಬ್ಬ ಮುಗಿಸಿ ಹೊರಡುವವರ ಬುತ್ತಿಯನ್ನು ನಮ್ಮ ತಾಯಿಯವರು ಎರಡು ಸಲ ಕಟ್ಟುತ್ತಿದ್ದುದು ನೆನಪಾಯಿತು.

ಮುಂದೆ ನಾನು ಇನ್ನೊಂದು ಪ್ರಶ್ನೆಯನ್ನು ಕೇಳಿದೆನು: ಆರು ಎಂದರೆ ಝಡ್‌ಸ್ಟ್ಯಾಂಡರ್ಡ್ ಎಂಬುದು ಎಲ್ಲೆಲ್ಲಿಯೂ ಹೀಗೆಯೋ? ಅಲ್ಲವಂತೆ. ಬಿಟಿಆರ್‌ಎಫ್‌ಎಸ್ ಎಂಬ ಬೇರೊಂದು ಕಡತವ್ಯವಸ್ಥೆಯಲ್ಲಿ ಒಂದು ಝಡ್‌ಲಿಬ್, ಎರಡು ಎಲ್‌ಝಡ್‌ಓ, ಮೂರು ಝಡ್‌ಸ್ಟ್ಯಾಂಡರ್ಡ್. ಸ್ಕ್ವಾಷ್‌ಎಫ್‌ಎಸ್‌ನಲ್ಲಿಯಾದರೋ ಮೂರು ಎಂದರೆ ಎಲ್‌ಝಡ್‌ಓ. ಆದುದರಿಂದ ಮೊದಲು ಮನೆತನವನ್ನು ವಿಚಾರಿಸಿ ಆಮೇಲೆ ಅಂಕಿಯನ್ನು ಓದಬೇಕು. ಒಬ್ಬರ ಮನೆಯ "ಅಪ್ಪಯ್ಯ" ತಂದೆ, ಇನ್ನೊಬ್ಬರ ಮನೆಯಲ್ಲಿ ಅಜ್ಜ. ಬಿಟಿಆರ್‌ಎಫ್‌ಎಸ್‌ನಲ್ಲಿ ಮತ್ತೊಂದು ಭೇದವೂ ಇದೆ. ಇಡೀ ಗಂಟಿಗೆ ಒಂದೇ ಅಂಕಿಯೆಂದಿಲ್ಲ. ಕಡತದ ಒಂದೊಂದು ತುಂಡಿಗೂ ಬೇರೆ ಬೇರೆ ಗುರುತು. ಇಂದು ಝಡ್‌ಲಿಬ್‌ನಲ್ಲಿ ಬರೆದು ನಾಳೆ ಮನಸ್ಸು ಬದಲಾಯಿಸಿದರೆ ಒಂದೇ ಕಡತದಲ್ಲಿ ಎರಡು ಕ್ರಮಗಳೂ ಒಟ್ಟಿಗೆ ಬಾಳುತ್ತವೆ. ತಿದ್ದುತ್ತ ಬೆಳೆಯುವ ಸಂಸಾರಕ್ಕೆ ಅದು ಬೇಕು. ಒಮ್ಮೆ ಕಟ್ಟಿ ಮುಗಿಸಿದುದಕ್ಕೆ ಒಂದೇ ಗುರುತು ಸಾಕೆಂದು ನನಗೆ ತೋರುತ್ತದೆ. ಆದರೆ ಆ ಒಂದು ಗುರುತಿನ ಎರಡು ಬೈಟುಗಳಿಗೆ ಗೆದ್ದಲು ಹಿಡಿದರೆ ಎಂಬ ಯೋಚನೆಯೂ ಬಿಡಲಿಲ್ಲ.

ಗುರುತು ಸಿಕ್ಕಿದರೂ ಹಾಡು ಇನ್ನೂ ಸಿಕ್ಕಿರಲಿಲ್ಲ. ಹುಡುಗನು ಜತೆಯಲ್ಲಿ ತಂದಿದ್ದ ಮಡಿಸುವ ಕಂಪ್ಯೂಟರು ಅವನ ಕಚೇರಿಯವರದು. ಹೊರಗಿನ ಪೆನ್ ಡ್ರೈವನ್ನು ಅದಕ್ಕೆ ಸೇರಿಸಬಾರದೆಂದು ಕಟ್ಟಳೆ. ಅವನ ಸ್ವಂತದ್ದೆಂದರೆ ಅಂಗೈಯಗಲದ ಒಂದು ಯಂತ್ರ. ಅದರ ಕರ್ನೆಲನ್ನು ತಾನೇ ಕೂಡಿಸಿ ಕಟ್ಟಿದ್ದೆನೆಂದು ಹೆಮ್ಮೆಯಿಂದ ಹೇಳಿಕೊಂಡನು. ಅದಕ್ಕೆ ಪೆನ್ ಡ್ರೈವನ್ನು ಸೇರಿಸಿದೆವು. ಅದೂ ಒಪ್ಪಲಿಲ್ಲ. ಆದರೆ ಈ ಸಲ ದಿನಚರಿಯ ಸಾಲಿನಲ್ಲಿ "ಅಜ್ಞಾತ" ಎಂದಿರಲಿಲ್ಲ. "ಝಡ್‌ಸ್ಟ್ಯಾಂಡರ್ಡ್ ಸಂಕೋಚನ, ಇದಕ್ಕೆ ಆಸರೆಯಿಲ್ಲ" ಎಂದಿತ್ತು. ಹುಡುಗನು ಹಣೆ ಚಚ್ಚಿಕೊಂಡನು. ಕರ್ನೆಲನ್ನು ಕಟ್ಟುವಾಗ ಒಂದೊಂದು ಕ್ರಮ ಬೇಕೋ ಬೇಡವೋ ಎಂದು ಯಂತ್ರ ಕೇಳುತ್ತದೆ. ಇದು ವಾಡಿಕೆಯ ಕ್ರಮವಲ್ಲ, ಸಂಶಯವಿದ್ದರೆ ಬೇಡವೆನ್ನಿ ಎಂಬ ಅರ್ಥದ ಸಲಹೆಯೂ ಅಲ್ಲಿಯೇ ಇರುತ್ತದೆ. ಅವನು ಬೇಡವೆಂದಿದ್ದನು. ತಂದೆ ಮಗನಿಗೆ ಕಟ್ಟಿಟ್ಟ ಗಂಟು, ಮಗ ಬಿಟ್ಟುಬಿಟ್ಟ ಬಿಲ್ಲೆ. ನನಗೆ ನಗು ಬಂದಿತು, ಅವನಿಗೆ ಬರಲಿಲ್ಲ.

ಮತ್ತೆ ಕಟ್ಟಬೇಕಾಯಿತು. ಸಂಜೆ ಆರಕ್ಕೆ ಆರಂಭಿಸಿದನು. ಅಷ್ಟು ಚಿಕ್ಕ ಯಂತ್ರಕ್ಕೆ ಅದು ರಾತ್ರಿಯೆಲ್ಲ ಮಾಡುವ ಕೆಲಸ. ತೆರೆಯ ಮೇಲೆ ಸಾಲುಗಳು ಹರಿಯುತ್ತಲೇ ಇದ್ದವು. ಎರಡು ಸಲ ವಿದ್ಯುತ್ತು ಹೋಗಿಬಂದಿತು. ಅವನ ಬಳಿ ಬ್ಯಾಟರಿಯಿದ್ದುದರಿಂದ ನಿಲ್ಲಲಿಲ್ಲ. ನಾನು ಜಗಲಿಯಲ್ಲಿ ಮಲಗಿ, ತಾಯಿಯವರ ಹಾಡುಗಳಲ್ಲಿ ನನಗೆ ಎಷ್ಟು ನೆನಪಿವೆಯೆಂದು ಎಣಿಸುತ್ತ ಹೋದೆನು. ಹದಿನೇಳರ ಮೇಲೆ ಹೋಗಲಿಲ್ಲ. ಅವುಗಳಲ್ಲಿಯೂ ಅನೇಕಕ್ಕೆ ಪಲ್ಲವಿ ಮಾತ್ರ ಉಳಿದಿತ್ತು.

ಬೆಳಿಗ್ಗೆ ಆರೂವರೆಗೆ ಹುಡುಗನು, "ದೊಡ್ಡಪ್ಪ, ಬನ್ನಿ" ಎಂದು ಕರೆದನು. ಕಡತಗಳ ಹೆಸರುಗಳು ಒಂದರ ಕೆಳಗೊಂದು ನಿಂತಿದ್ದವು. ಕನ್ನಡದಲ್ಲಿಯೇ ಹೆಸರಿಟ್ಟಿದ್ದನು ನನ್ನ ತಮ್ಮ. ಮೊದಲನೆಯದನ್ನು ತೆರೆದಾಗ ಹಾಡು ಬರಲಿಲ್ಲ. ಕೊಟ್ಟಿಗೆಯ ಗಂಟೆಯ ಸದ್ದು, ಯಾರೋ ತಂಬಿಗೆ ಇಟ್ಟ ಸದ್ದು, ಆಮೇಲೆ ತಾಯಿಯವರ ದನಿ, "ಶುರುವಾಯಿತೇನೋ ಇದು? ತ‍ಡಿ, ಅಡಿಕೆ ಉಗಿದು ಬರುತ್ತೇನೆ" ಎಂದಿತು. ಹಿಂದಿನಿಂದ ತಮ್ಮನ ನಗು. ನನ್ನ ಹೆಂಡತಿ ಒಲೆಯ ಮೇಲಿನ ಹಾಲನ್ನು ಮರೆತು ಬಾಗಿಲಲ್ಲಿ ಬಂದು ನಿಂತಳು. ಹುಡುಗನು ಯಂತ್ರದ ಕಡೆಗೆ ನೋಡದೆ ಅಂಗಳದ ಕಡೆಗೆ ತಿರುಗಿಕೊಂಡಿದ್ದನು.

ಹಾಡುಗಳು ತೊಂಬತ್ತೆರಡು ದೊರಕಿವೆ. ಮೂರು ಕಡೆ ಪ್ರತಿಗಳನ್ನು ಇರಿಸಿದ್ದೇವೆ. ಅವುಗಳಲ್ಲಿ ಒಂದನ್ನು ಯಾವ ಗಂಟೂ ಇಲ್ಲದೆ ಬಿಡಿಬಿಡಿಯಾಗಿಯೇ ಇಡಿಸಿದೆನು. ಹುಡುಗನು ಜಾಗ ದಂಡವೆಂದನು, ಆಗಲಿ ಎಂದೆನು. ತಮ್ಮನ ಪೆನ್ ಡ್ರೈವನ್ನು ಮಾತ್ರ ಅವನು ಕೊಟ್ಟಂತೆಯೇ ಇಟ್ಟಿದ್ದೇನೆ. ಅದಕ್ಕೆ ಕಟ್ಟಿದ ಚೀಟಿಯಲ್ಲಿ ನನ್ನ ಕೈಯಿಂದ, "ಸ್ಕ್ವಾಷ್‌ಎಫ್‌ಎಸ್, ನಾಲ್ಕನೆಯ ಆವೃತ್ತಿ. ಸಂಕೋಚನದ ಅಂಕಿ ೬, ಝಡ್‌ಸ್ಟ್ಯಾಂಡರ್ಡ್. ಬಿಗಿ ೨೨. ಒಳಗೆ ಅಮ್ಮನ ಹಾಡುಗಳು. ಒರೆಸಬೇಡಿ" ಎಂದು ಬರೆದಿದ್ದೇನೆ. ಕೊನೆಯ ಮಾತಿಗೆ ಕೆಂಪು ಶಾಯಿ.

ಪೆಟ್ಟಿಗೆಯಲ್ಲಿ ಅದರ ಪಕ್ಕಕ್ಕೇ ತಂದೆಯವರ ಓಲೆಯ ಕಟ್ಟಿದೆ. ಮೂವತ್ತೊಂದು ಗರಿಗಳು, ಎರಡರ ತುದಿ ಮುರಿದಿದೆ, ಉಳಿದವು ಗಟ್ಟಿಯಾಗಿವೆ. ತಿಗಳಾರಿಯನ್ನು ಓದಬಲ್ಲವರು ಈ ಪತ್ರಿಕೆಯ ವಾಚಕರಲ್ಲಿ ಯಾರಾದರೂ ಇದ್ದರೆ, ದಯವಿಟ್ಟು ಸಂಘದ ವಿಳಾಸಕ್ಕೆ ನನ್ನ ಹೆಸರಿನಲ್ಲಿ ಒಂದು ಕಾಗದ ಹಾಕಬೇಕೆಂದು ಬೇಡುತ್ತೇನೆ. ಅವರು ಎಲ್ಲಿದ್ದರೂ ಗರಿಗಳನ್ನು ನಾನೇ ತೆಗೆದುಕೊಂಡು ಬರುತ್ತೇನೆ.